ಮಡಿಕೆ ಕಟ್ಟಿದ ಮೇಲೆ

ಪಂಜರದಲ್ಲಿ ಜೋಡಿ ಹಕ್ಕಿ ಕಂಡರೆ ಸಾಕು, ಮನೆಗೆ ಬಂದವರು ಮೊದಲು ಕೇಳುವುದು "ಮರಿ ಎಷ್ಟವ?" ಅಂತ. ಇಲ್ಲ ಅಂದರೆ, ಮದುವೆಯಾಗಿ ಬಹಳ ದಿನ ಕಳೆದ ಸೊಸೆಯನ್ನು ನೋಡುವ ಹಾಗೆ ಹಕ್ಕಿಯನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಾರೆ. ರಾಯಚೂರಿನ ನಮ್ಮ ಪಡಸಾಲೆಯಲ್ಲಿ ಒಂದು ಹಸಿರು ಗಂಡು, ಒಂದು ಹಳದಿ ಹೆಣ್ಣು ಲವ್ ಬರ್ಡ್ಸ್ ತಮ್ಮ ಪಾಡಿಗೆ ಹಾಯಾಗಿದ್ದವು. ದೇವದುರ್ಗದಿಂದ ಬಂದ ನಮ್ಮಕ್ಕ ಪಂಜರದ ಮುಂದೆ ನಿಂತು, "ಸಾವಿತ್ರಿ, ಮಡಿಕಿನೇ ಕಟ್ಟಿಲ್ಲಲ್ಲ ಬೇ? ಪಾಪ, ಮರಿ ಎಲ್ಲಿ ಮಾಡಬೇಕು ಇವು?" ಎಂದಳು. ಅಕ್ಕನ ಮಾತಿಗೆ ನಾನು ಎಂದೂ ಎದುರಾಡಿದವಳಲ್ಲ. ಅವಳು ಊರಿಗೆ ಮರಳುವ ಮೊದಲೇ ತೂತಿನ ಮಡಿಕೆ ತಂದು ಕಟ್ಟಿದೆ.

ನಾವು ಲವ್ ಬರ್ಡ್ಸ್ ಅನ್ನುವ ಈ ಪುಟ್ಟ ಬಜರಿಗರ್ ಗಿಳಿಗಳ ಮೂಲ ಆಸ್ಟ್ರೇಲಿಯಾದ ಒಣನೆಲ ಅಂತ ಎಲ್ಲೋ ಓದಿದ್ದೆ. ಅದರಿಂದ ನನಗೆ ಭಾರಿ ಧೈರ್ಯ. ಒಣನೆಲದವರಿಗೆ ರಾಯಚೂರೇನು ಹೊಸದೇ? ಆದರೆ ನಾನು ಓದಿದ್ದು ಅರ್ಧ. ಅಲ್ಲಿ ಮಳೆ ಬಿದ್ದು ಹುಲ್ಲು ಕಾಳುಗಟ್ಟಿದಾಗಲೇ ಅವು ಸಂಸಾರ ಹೂಡುತ್ತವಂತೆ. ಇಲ್ಲಿ ನಾನು ದಿನಾ ಬಟ್ಟಲ ತುಂಬ ನವಣೆ ಸುರಿಯುತ್ತಿದ್ದೆ. ಹೊರಗೆ ಬಂಡೆ ಕಾಯ್ದು ಸುಡುತ್ತಿದ್ದರೂ ಪಂಜರದೊಳಗೆ ಅವಕ್ಕೆ ಮುಗಿಯದ ಮಳೆಗಾಲ.

ಮೊಟ್ಟೆ ಬಂದವು, ಮರಿಯೂ ಬಂದವು. ಕಣ್ಣಿಲ್ಲ, ಪುಕ್ಕವಿಲ್ಲ, ಕತ್ತು ನಿಲ್ಲುವುದಿಲ್ಲ. ನಮ್ಮ ಮನೆಯವರು ಟಾರ್ಚ್ ಹಾಕಿ ಇಣುಕಿ, "ಇವು ಹಕ್ಕಿನೇ ಏನು? ಬ್ಯಾರೆ ಏನಾರ ಹೊಕ್ಕದ ನೋಡು" ಎಂದರು. ಅಂದವರೇ ಮಾನ್ವಿಯ ನಮ್ಮ ಅಕ್ಕಿ ಗಿರಣಿಗೆ ಹೋದ ಮೇಲೆ ಫೋನು ಮಾಡಿ, "ಉಂಡವೇನು?" ಎಂದು ಕೇಳತೊಡಗಿದರು. ನಾನು ಉಂಡೆನೋ ಇಲ್ಲವೋ ಎಂದು ಗಿರಣಿಯಿಂದ ಯಾವತ್ತೂ ಫೋನು ಬಂದ ನೆನಪಿಲ್ಲ.

ಮರಿಗಳಿಗೆ ಪುಕ್ಕ ಮೂಡುತ್ತಿತ್ತು. ಅಷ್ಟರಲ್ಲೇ ತಾಯಿ ಮತ್ತೆ ಮೊಟ್ಟೆಯಿಟ್ಟಿತು. ನಾನು ಹಿಗ್ಗಿ ಅಕ್ಕನಿಗೆ ಫೋನು ಮಾಡಿದೆ. ಆ ಹಿಗ್ಗು ಬಹಳ ಉಳಿಯಲಿಲ್ಲ. ಒಂದು ಮುಂಜಾನೆ ನೋಡಿದರೆ ತಾಯಿ ಪಂಜರದ ತಳದಲ್ಲಿ ಮೈಯುಬ್ಬಿಸಿ, ಕಣ್ಣು ಮುಚ್ಚಿ ಕೂತಿದೆ. ಉಸಿರಾಡಿದ ಹಾಗೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿದೆ. ಚಪ್ಪಲಿ ಡಬ್ಬಿಯಲ್ಲಿ ಅರಿವೆ ಹಾಸಿ, ಅದರಲ್ಲಿ ಕೂರಿಸಿಕೊಂಡು ದನದ ದವಾಖಾನೆಗೆ ಓಡಿದೆ. ಎಮ್ಮೆ, ಆಡುಗಳ ನಡುವೆ ನನ್ನ ಡಬ್ಬಿ ಕಂಡು ಜನ ನಕ್ಕರು. ಡಾಕ್ಟರಮ್ಮ ನಗಲಿಲ್ಲ.

"ಇನ್ನೊಂದು ಮೊಟ್ಟಿ ಒಳಗ ಸಿಕ್ಕೊಂಡದರೀ. ಮೊದಲಿನ ಮರಿ ಇನ್ನಾ ಮಡಿಕ್ಯಾಗ ಅವ ಅಂತೀರಿ. ನವಣಿ ಬಿಟ್ಟು ಏನು ಕೊಡ್ತೀರಿ?"

"ಒಮ್ಮೊಮ್ಮೆ ಕೊತ್ತಂಬರಿ ರೀ."

"ಸುಣ್ಣದ ಅಂಶ?"

ಅದನ್ನು ನಾನು ಕೊಟ್ಟೇ ಇರಲಿಲ್ಲ. ತಿನ್ನುವುದರಲ್ಲಿ ಸುಣ್ಣ ಸಾಲದಿದ್ದರೆ ತಾಯಿ ತನ್ನ ಎಲುಬಿನಿಂದಲೇ ತೆಗೆದು ಮೊಟ್ಟೆಗೆ ಚಿಪ್ಪು ಕಟ್ಟುತ್ತದಂತೆ. ಆಕೆ ಅದನ್ನು ಮೆಲ್ಲಗೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಔಷಧಿ ಹಾಕಿಸಿ, ಬೆಚ್ಚಗಿಟ್ಟು ಮನೆಗೆ ತಂದೆ. ಗಿರಣಿ ಬಿಟ್ಟು ಬಂದ ಮನೆಯವರು ಡಬ್ಬಿಯ ಪಕ್ಕದಲ್ಲೇ ಕೂತರು. ಮಧ್ಯಾಹ್ನ ಮೊಟ್ಟೆ ಹೊರಬಂತು. ಚಿಪ್ಪು ಗಟ್ಟಿಯಿರಲಿಲ್ಲ, ಮುಟ್ಟಿದರೆ ಮೆತ್ತಗೆ. ತಾಯಿ ಬದುಕಿತು, ಆದರೆ ನಿಲ್ಲಲೂ ಕಸುವಿಲ್ಲ. ಇನ್ನು ಮರಿಗಳಿಗೆ ಯಾರು ಉಣಿಸಬೇಕು? ನಾನು ಹಿಟ್ಟು ಕಲಸಿ ಚಮಚ ಹಿಡಿದು ಮಡಿಕೆಯ ಮುಂದೆ ನಿಂತಿದ್ದೆ.

"ತಡಿ, ತಡಿ! ಅಪ್ಪ ಉಣಿಸಾಕತ್ತಾನ ನೋಡು!" ಎಂದು ಮನೆಯವರು ಕೂಗಿದರು.

ಇಡೀ ದಿನ ಪಂಜರದ ಕನ್ನಡಿ ನೋಡಿಕೊಂಡು, ಅಲ್ಲಿ ತೂಗುಬಿಟ್ಟ ಗಂಟೆ ಬಾರಿಸುವುದೊಂದೇ ಗೊತ್ತು ಎಂದು ನಾನು ತಿಳಿದಿದ್ದ ಆ ಹಸಿರು ಗಂಡು, ಮಡಿಕೆಯೊಳಗೆ ತಲೆ ಹಾಕಿ ಒಂದೊಂದಕ್ಕೂ ಬಾಯಿಗೆ ಬಾಯಿ ಕೊಟ್ಟು ಉಣಿಸುತ್ತಿತ್ತು. ಆದರೂ ಎಲ್ಲಕ್ಕಿಂತ ಸಣ್ಣದು ಉಳಿಯಲಿಲ್ಲ. ಮನೆಯವರು ಅದನ್ನು ದಾಸವಾಳದ ಬುಡದಲ್ಲಿ ಮಣ್ಣು ಮಾಡಿ ಬಂದು, ಊಟಕ್ಕೆ ಕರೆದರೆ "ಆಮ್ಯಾಲ" ಎಂದರು.

ಉಳಿದ ಮರಿಗಳು ತಾವಾಗಿ ಕಾಳು ಕಚ್ಚತೊಡಗಿದ ದಿನ ಇನ್ನು ಮೊಟ್ಟೆ ಸಾಕೆಂದು ಮಡಿಕೆ ಇಳಿಸಿದವರೂ ಅವರೇ. ಸುಣ್ಣಕ್ಕೆಂದು ಪಂಜರಕ್ಕೆ ಕಡಲ ನೊರೆ ಅನ್ನುವ, ಕಡಲಜೀವಿಯ ಎಲುಬಿನ ಬಿಲ್ಲೆ ಬಂತು. ಆ ಬಿಳಿ ಬಿಲ್ಲೆಯನ್ನು ತಾಯಿ ಕೆರೆಯುವ ಸದ್ದು ಈಗ ನನಗೆ ಬಲು ಇಷ್ಟ.

ಅಕ್ಕ ತನಗೊಂದು ಜೋಡಿ ಬೇಕೆಂದು ಬಂದಳು. ಒಡಹುಟ್ಟಿದವನ್ನು ಜೋಡಿ ಮಾಡಬಾರದು, ಹುಟ್ಟುವ ಮರಿಗಳು ಬಲಹೀನ ಆಗುತ್ತವೆ ಎಂದೆ. "ಹಕ್ಕಿಗೂ ಬೆಡಗು, ಗೋತ್ರ ನೋಡಬೇಕೇನು ಬೇ?" ಎಂದು ಗೊಣಗಿದಳು. ಅವಳ ಮನೆಯಲ್ಲಿ ಬೆಕ್ಕಿಲ್ಲವೆಂದು ಆಣೆ ಮಾಡಿಸಿಕೊಂಡು, ಗಂಡಿನ ಗುರುತಾಗಿ ಮೂಗಿನ ಮೇಲೆ ನೀಲಿ ಮೂಡಿದ ಎರಡನ್ನು ಕೊಟ್ಟೆ. ಎಂದೂ ಎದುರಾಡದ ತಂಗಿ ಹೀಗೆ ಹಟ ಹಿಡಿದದ್ದು ಕಂಡು ಅವಳು ಸ್ವಲ್ಪ ಮುನಿಸಿಕೊಂಡೇ ಹೋದಳು.

ಮೊನ್ನೆ ಅವಳೇ ಫೋನು ಮಾಡಿದಳು. "ಮರಿ ಬೇಕು ಅಂತ ಅವು ಯಾವಾಗ ಕೇಳಿದ್ವು ಹೇಳು? ನಾವ ಕೇಳಿದ್ದು. ಇವು ಇಬ್ರೂ ಹೊತ್ತು ಮುಳುಗೂ ತನಕ ಹರಟಿ ಹೊಡಿತಾವ, ನನಗ ಅಷ್ಟ ಸಾಕಾಗ್ಯದ. ತಡಿ, ಕೇಳಸ್ತೀನಿ."

ದೇವದುರ್ಗದ ಚಿಲಿಪಿಲಿ ಫೋನಿನಿಂದ ಹೊರಬಿದ್ದದ್ದೇ, ನಮ್ಮ ಪಡಸಾಲೆಯವೂ ಒಟ್ಟಿಗೆ ಬಾಯಿ ಬಿಟ್ಟವು. ಆ ಗದ್ದಲದಲ್ಲಿ ಅಕ್ಕತಂಗಿಯರಿಗೆ ಒಂದು ಮಾತಿಗೂ ಜಾಗ ಸಿಗಲಿಲ್ಲ. ಆದರೂ ಇಬ್ಬರೂ ಫೋನು ಇಡಲಿಲ್ಲ.