ಏಳನೇ ಟೆಂಟಿನ ಗಂಟು

ನಮ್ಮ ಕ್ಯಾಂಪಿನಲ್ಲಿ ಅವಳನ್ನು ಎಲ್ಲರೂ ಗಂಟಕ್ಕ ಎನ್ನುತ್ತಿದ್ದರು. ಹಣೆಯಲ್ಲಿ ಸದಾ ಒಂದು ಗಂಟು, ಕೈಯಲ್ಲಿ ಸದಾ ಒಂದು ತುಂಡು ಹಗ್ಗ. ಅವಳು ನಕ್ಕಿದ್ದನ್ನು ಕಂಡವರಿಲ್ಲ. ಕೆರೆಯ ದಂಡೆಯ ಮೇಲೆ ಪ್ರವಾಸಿಗರಿಗೆಂದು ಹನ್ನೆರಡು ಟೆಂಟು, ಆರು ಬಚ್ಚಲು, ಒಂದು ಅಡುಗೆಮನೆ. ಅಷ್ಟರ ಹೊಲಸನ್ನೂ ತೆಗೆಯುವವಳು ಅವಳೊಬ್ಬಳೇ. ನಾನು ಗೇಟಿನವನು. ಕಾರು ಬಂದರೆ ಕಂಬಿ ಎತ್ತುವುದು, ಹೋದರೆ ಇಳಿಸುವುದು ನನ್ನ ಕೆಲಸ. ಅವಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎನ್ನುವುದನ್ನೂ ಇದರಲ್ಲೇ ಬರೆಯುತ್ತೇನೆ.

ಅವಳ ಅಪ್ಪ ಮಾರುಕಟ್ಟೆಯಲ್ಲಿ ಕೈಗಾಡಿಗೆ ಮೂಟೆ ಬಿಗಿಯುತ್ತಿದ್ದವರು. ಎಷ್ಟೇ ಬಿಗಿದರೂ ತುದಿ ಹಿಡಿದು ಒಮ್ಮೆ ಎಳೆದರೆ ಸಡಿಲವಾಗುವ ಗಂಟನ್ನು ಮಗಳಿಗೆ ಕಲಿಸಿದ್ದರು. ಅವಳದು ಎಡಗೈ. ಹಾಗಾಗಿ ಅವಳ ಗಂಟು ಸುತ್ತುವುದೂ ಎಡಕ್ಕೆ. ಮದುವೆಯಾದದ್ದು ಹಿಟ್ಟಿನ ಗಿರಣಿಯ ಕೆಲಸಗಾರನನ್ನು. ಮೂವತ್ತು ವರ್ಷ ಹಿಟ್ಟಿನ ಧೂಳು ಕುಡಿದು ಆ ಮನುಷ್ಯನ ಎದೆ ಹಾಳಾಗಿತ್ತು. ಮನೆಯಿಂದ ಬೀದಿಯ ನಲ್ಲಿಗೆ ಹೋಗುವಷ್ಟರಲ್ಲಿ ಎರಡು ಕಡೆ ಕೂತು ಏದುಸಿರು ಬಿಡುತ್ತಿದ್ದ. ಇವಳು ಒಂಬತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ದುಡಿದು ಆಮೇಲೆ ಇಲ್ಲಿಗೆ ಬಂದವಳು. ರೋಗ ಹೇಗೆ ಹರಡುತ್ತದೆಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಮಹಾಮಾರಿ ಬಂದು ಕ್ಯಾಂಪು ಐದು ತಿಂಗಳು ಮುಚ್ಚಿತ್ತು. ತೆರೆಯಲು ಅಪ್ಪಣೆ ಸಿಕ್ಕ ದಿನ ಮಾಲೀಕರು ಮೊದಲು ಹೇಳಿಕಳಿಸಿದ್ದು ಗಂಟಕ್ಕನಿಗೆ. ಅವಳು ಆಫೀಸಿನ ಒಳಗೆ ಬರಲಿಲ್ಲ, ಬಾಗಿಲಿನಿಂದ ಆರಡಿ ಆಚೆ ನಿಂತೇ ಮಾತಾಡಿದಳು.

"ಹೊದಿಕೆ ಕೊಡವಬಾರದು ಸರ್, ಒಳಮುಖವಾಗಿ ಮಡಚಿ ಚೀಲಕ್ಕೆ ಹಾಕ್ಬೇಕು. ಬ್ಲೀಚಿಂಗ್ ನೀರು ದಿನಾ ಹೊಸದಾಗಿ ಕಲಸ್ಬೇಕು. ಇವೆರಡೂ ನನ್ನ ಕೆಲಸ, ನಾನು ಮಾಡ್ತೀನಿ. ಮೂರನೇದು ನಿಮ್ಮ ಕೆಲಸ. ಜನ ಬಿಟ್ಟು ಹೋದ ಟೆಂಟು ಮೂರು ದಿನ ಖಾಲಿ ಇರ್ಬೇಕು, ಆಮೇಲೇ ನಾನು ಒಳಗೆ ಕಾಲಿಡೋದು. ಮನೇಲಿ ಉಸಿರಿಗೆ ಒದ್ದಾಡೋ ಗಂಡ ಇದ್ದಾನೆ. ನಾನೇನಾದ್ರೂ ಇದನ್ನ ಮನೆಗೆ ಹೊತ್ಕೊಂಡು ಹೋದ್ರೆ ಅವನು ಎರಡು ದಿನ ತಡೆಯಲ್ಲ."

"ಮೂರು ಯಾಕಮ್ಮ, ನಾಲ್ಕು ದಿನ ಬಿಡೋಣ. ನಿನ್ನ ಗಂಡ ಬೇರೆ ಅಲ್ಲ, ನನ್ನ ಅಣ್ಣ ಬೇರೆ ಅಲ್ಲ," ಎಂದರು ಮಾಲೀಕರು. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಅವಳು ನಂಬಿದಳು.

ಆಮೇಲೆ ಶೃಂಗಾರ ಶುರುವಾಯಿತು. ನೆಲದ ಮೇಲೆ ಬಿಳಿ ವೃತ್ತಗಳು ಬಂದವು. ಕಾಲಲ್ಲಿ ಒತ್ತಿದರೆ ಕೈಗೆ ಔಷಧಿ ಸುರಿಯುವ ಡಬ್ಬ ಬಂತು. ನನಗೆ ಜ್ವರ ನೋಡುವ ಪಿಸ್ತೂಲು ಕೊಟ್ಟರು. ಗೇಟಿನ ಪಕ್ಕ ಆಳೆತ್ತರದ ಬೋರ್ಡು ನಿಂತಿತು, ಅದರ ಮೇಲೆ ಒಂಬತ್ತು ನಿಯಮ. ಮಾಲೀಕರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಮಾಸ್ಕನ್ನು ಗದ್ದಕ್ಕೆ ಇಳಿಸಿ.

ಗಂಟಕ್ಕನಿಗೆ ಬೋರ್ಡು ಬೇಕಿರಲಿಲ್ಲ, ಹಗ್ಗ ಸಾಕಿತ್ತು. ಜನ ಹೋದ ಕೂಡಲೇ ಟೆಂಟಿನ ಜಿಪ್ಪು ಎಳೆದು, ಹೊರಗಿನಿಂದ ತನ್ನ ಗಂಟು ಬಿಗಿಯುವಳು. ನಾಲ್ಕನೇ ದಿನ ಬೆಳಿಗ್ಗೆ ತುದಿ ಹಿಡಿದು ಎಳೆಯುವಳು. ಗಂಟು ಇದ್ದ ಟೆಂಟಿನ ಹತ್ತಿರ ಯಾರೂ ಸುಳಿಯುವ ಹಾಗಿರಲಿಲ್ಲ. ಮೂರು ವಾರ ಎಲ್ಲ ಸರಿಯಾಗಿ ನಡೆಯಿತು. ಮನೆಯಲ್ಲೇ ಕೊಳೆತು ಬೇಸತ್ತ ಜನ ಆಮೇಲೆ ಹಿಂಡುಹಿಂಡಾಗಿ ಬರತೊಡಗಿದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಶುಕ್ರವಾರ ಬೆಳಿಗ್ಗೆ ಏಳನೇ ಟೆಂಟು ಖಾಲಿಯಾಗಿ ಅದಕ್ಕೆ ಗಂಟು ಬಿತ್ತು. ಶನಿವಾರ ಗಂಟಕ್ಕನಿಗೆ ರಜೆ. ಅವತ್ತು ಮಧ್ಯಾಹ್ನ ಗಂಡ ಹೆಂಡತಿ ಒಂದು ಕಾರಿನಲ್ಲಿ ಬಂದರು. ಗಂಡನ ಹಣೆಗೆ ಪಿಸ್ತೂಲು ಹಿಡಿದೆ. ನೂರಾ ಒಂದು.

"ಬಿಸಿಲಲ್ಲಿ ಬಂದಿದ್ದಾರೆ ಕಣಯ್ಯ, ಮಣಿಕಟ್ಟಿಗೆ ಹಿಡಿ," ಎಂದರು ಮಾಲೀಕರು. ಹಿಡಿದೆ. ತೊಂಬತ್ತೇಳು ತೋರಿಸಿತು. ಪುಸ್ತಕದಲ್ಲಿ ತೊಂಬತ್ತೇಳು ಬರೆದೆ.

"ಏಳನೇದು ಕೊಡು."

"ಸರ್, ಅದು ನಿನ್ನೆ ತಾನೇ ಖಾಲಿಯಾಗಿದ್ದು. ಅಕ್ಕ ಗಂಟು ಹಾಕಿದ್ದಾಳೆ."

"ಗಂಟು ತಾನೇ? ಬ್ರಹ್ಮಗಂಟೇನಲ್ಲವಲ್ಲ. ಬಿಚ್ಚು. ಅವರು ಹೋದ್ಮೇಲೆ ಇದ್ದ ಹಾಗೇ ಕಟ್ಟು. ನಿನಗೆ ಕೆಲಸ ಬೇಕೋ ಬೇಡ್ವೋ?"

ನನಗೆ ಕೆಲಸ ಬೇಕಿತ್ತು. ಹೊಟ್ಟೆಪಾಡು ಎಂದು ಈಗ ಹೇಳಿದರೆ ಕೇಳುವವರು ಪಾಪ ಎನ್ನಬಹುದು, ದಯವಿಟ್ಟು ಯಾರೂ ಅನ್ನಬೇಡಿ. ತುದಿ ಹಿಡಿದು ಎಳೆದೆ, ಒಂದೇ ಎಳೆತಕ್ಕೆ ಬಿಚ್ಚಿತು. ಭಾನುವಾರ ಬೆಳಕು ಹರಿಯುವಾಗಲೇ ಆ ದಂಪತಿ ಹೊರಟುಬಿಟ್ಟರು. ಗಂಡ ಕೆಮ್ಮುತ್ತ ಕೆಮ್ಮುತ್ತ ಕಾರು ಹತ್ತಿದ. ಗಂಟಕ್ಕ ಬರುವುದರೊಳಗೆ ನಾನು ಜಿಪ್ಪಿಗೆ ಹಗ್ಗ ಸುತ್ತಿ, ಅವಳ ಗಂಟಿನಂತೆಯೇ ಕಾಣುವ ಗಂಟು ಹಾಕಿದೆ. ದೂರದಿಂದ ನೋಡಿ, ಪರವಾಗಿಲ್ಲ, ಚೆನ್ನಾಗಿಯೇ ಬಂದಿದೆ ಎಂದುಕೊಂಡೆ. ನನ್ನ ಜನ್ಮಕ್ಕಿಷ್ಟು.

ಸೋಮವಾರ ಆರೋಗ್ಯ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಏಳನೆಯದು ಗೇಟಿಗೆ ಎದುರಾಗಿರುವ ಟೆಂಟು, ಅದನ್ನು ಮೊದಲು ಮುಗಿಸಲು ಮಾಲೀಕರು ಹೇಳಿದರು. ಅವಳ ಲೆಕ್ಕದಲ್ಲಿ ಶುಕ್ರ, ಶನಿ, ಭಾನು ಮೂರು ದಿನ ಆಗಿತ್ತು. ಬಕೆಟ್ಟು ಇಳಿಸಿ ಹಗ್ಗದ ತುದಿ ಎಳೆದಳು. ಬಿಚ್ಚಲಿಲ್ಲ. ಇಬ್ಬನಿಗೆ ಹಗ್ಗ ಊದಿಕೊಂಡಿದೆ ಎಂದುಕೊಂಡಿರಬೇಕು, ಇನ್ನೊಮ್ಮೆ ಎಳೆದಳು. ಕೈಗವಸು ಜಾರಿತು. ಆಗ ಮಾಸ್ಕು ಕೆಳಗಿಳಿಸಿ, ಬಗ್ಗಿ, ಗಂಟಿಗೆ ಹಲ್ಲು ಹಾಕಿದಳು.

ನಾನು ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಅಕ್ಕಾ ಬೇಡ ಎಂದು ಕೂಗಬೇಕಿತ್ತು. ಎರಡು ಪದ. ಕೂಗಲಿಲ್ಲ.

ಒಳಗೆ ಹೋದವಳು ನಿಮಿಷದಲ್ಲಿ ಹೊರಬಂದಳು. ಪೊರಕೆಯ ತುದಿಗೆ ಒಂದು ಒದ್ದೆ ಟವೆಲ್ಲು, ಕೈಯಲ್ಲಿ ಅರ್ಧ ಮುಗಿದ ಜ್ವರದ ಮಾತ್ರೆಯ ಪಟ್ಟಿ. ಮಾಸ್ಕು ಇನ್ನೂ ಕತ್ತಿನಲ್ಲೇ ಇತ್ತು. ನೆಲದಲ್ಲಿ ಬಿದ್ದಿದ್ದ ಹಗ್ಗವನ್ನು ನೋಡಿದಳು, ನನ್ನನ್ನು ನೋಡಿದಳು. ಅಲ್ಲಿಂದ ಕದಲಲೇ ಇಲ್ಲ.

ಅಧಿಕಾರಿ ಬಂದರು. ಕೈಯಲ್ಲಿ ನಮೂನೆಯ ಹಾಳೆ. ವೃತ್ತಗಳನ್ನು ನೋಡಿ ಟಿಕ್ಕು ಹಾಕಿದರು, ಡಬ್ಬವನ್ನು ಒತ್ತಿ ಟಿಕ್ಕು ಹಾಕಿದರು. ಏಳನೇ ಟೆಂಟಿನ ಹತ್ತಿರ ಬಂದಾಗ ಅವಳು, "ಅಲ್ಲೇ ನಿಂತ್ಕೊಳ್ಳಿ ಸರ್, ಹತ್ರ ಬರ್ಬೇಡಿ. ಈ ಟೆಂಟಲ್ಲಿ ಮೊನ್ನೆ ಜ್ವರದವರು ಮಲಗಿದ್ರು," ಎಂದಳು.

"ವಯಸ್ಸಾಯ್ತು ನೋಡಿ ಸರ್, ದಿನದ ಲೆಕ್ಕ ತಪ್ತಾಳೆ," ಎಂದು ಮಾಲೀಕರು ನಕ್ಕರು. ತಿಪ್ಪೆ ಸಾರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಅವಳು ಸೊಂಟದಿಂದ ಹಗ್ಗ ತೆಗೆದು ಪೊರಕೆಗೆ ತನ್ನ ಗಂಟು ಹಾಕಿ, ತುದಿ ಎಳೆದು ಬಿಚ್ಚಿ ತೋರಿಸಿದಳು. "ನಂದು ಎಡಕ್ಕೆ ಸುತ್ತುತ್ತೆ. ಜಿಪ್ಪಲ್ಲಿದ್ದದ್ದು ಬಲಕ್ಕೆ ಸುತ್ತಿತ್ತು." ಆಮೇಲೆ ಇನ್ನೊಂದು ತುಂಡು ಹಗ್ಗವನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ನನ್ನ ಕಾಲ ಬಳಿ ಎಸೆದಳು. "ತಮ್ಮಾ, ಒಂದು ಗಂಟು ಹಾಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹಗ್ಗ ಎತ್ತಿಕೊಳ್ಳುವ ಮೊದಲೇ ಅಧಿಕಾರಿ ನನ್ನ ಮುಖ ನೋಡುತ್ತಿದ್ದರು. ಬೇರೆ ಥರದ ಗಂಟು ಹಾಕಬಹುದಿತ್ತು, ಹಾಕಲಿಲ್ಲ. ಎರಡು ತುದಿ ಸೇರಿಸಿ, ಭಾನುವಾರ ಹಾಕಿದ್ದನ್ನೇ ಬಲಕ್ಕೆ ಸುತ್ತಿ ಬಿಗಿದೆ.

"ನಾನೇ ಸರ್. ಹಣೆಗೆ ನೂರಾ ಒಂದಿತ್ತು. ಮಣಿಕಟ್ಟಿಗೆ ಹಿಡಿದು ತೊಂಬತ್ತೇಳು ಬರೆದೆ. ಇವರು ಹೇಳಿದ್ರು, ನಾನು ಮಾಡಿದೆ."

ಅಧಿಕಾರಿ ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಇದಕ್ಕೆ ಇದರಲ್ಲಿ ಕಾಲಂ ಇಲ್ಲ," ಎಂದರು. ಕೊನೆಯ ಸಾಲಿನಲ್ಲಿ 'ಸಿಬ್ಬಂದಿಗೆ ಸೂಕ್ತ ತಿಳಿವಳಿಕೆ ನೀಡಲಾಗಿದೆ' ಎಂದು ಬರೆದು, ಡಬ್ಬ ಒತ್ತಿ ಕೈ ಉಜ್ಜಿಕೊಂಡು ಜೀಪು ಹತ್ತಿದರು. ಕೈ ತೊಳೆದುಕೊಳ್ಳುವುದು ಎಂದರೆ ಅದು.

ಜೀಪಿನ ಧೂಳು ಇಳಿಯುವ ಮೊದಲೇ ಮಾಲೀಕರು ಗಡಿಯಾರ ನೋಡಿಕೊಂಡರು. "ಆಯ್ತಲ್ಲ ನಾಟಕ? ಬೇಗ ಗುಡಿಸಿ ಮುಗಿಸು. ಮಧ್ಯಾಹ್ನ ಏಳನೇದಕ್ಕೆ ಜನ ಬರ್ತಾರೆ."

ಗಂಟಕ್ಕ ನಕ್ಕಳು. ಅಷ್ಟು ವರ್ಷದಲ್ಲಿ ನಾನು ಕಂಡದ್ದು ಅದೊಂದೇ ನಗು, ಅದನ್ನು ನೋಡಬಾರದಿತ್ತು. "ತಮ್ಮಾ, ಬೋರ್ಡಲ್ಲಿ ಒಂಬತ್ತನೇದು ಏನಿದೆ, ಗಟ್ಟಿಯಾಗಿ ಓದು."

ಓದಿದೆ: "ಸೋಂಕಿನ ಶಂಕೆ ಇರುವವರನ್ನು ಪ್ರತ್ಯೇಕ ಟೆಂಟಿನಲ್ಲಿ ಹತ್ತು ದಿನ ಇರಿಸಲಾಗುವುದು. ಯಾರೂ ಸಮೀಪಿಸಬಾರದು."

"ಶಂಕೆ ನನಗಿದೆ. ಟೆಂಟು ಇಲ್ಲೇ ಇದೆ. ಇನ್ನು ಮನೆಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ? ನನ್ನ ಗಂಡನ ಉಸಿರು ತೆಗೆಯೋಕೆ ಹೋಗ್ಲಾ?" ಎಂದು ಒಳಗೆ ಹೋಗಿ ಜಿಪ್ಪು ಎಳೆದುಕೊಂಡಳು. ಒಳಗಿನಿಂದ ಹಗ್ಗ ಬಿಗಿಯುವ ಸದ್ದು ಕೇಳಿತು. ಮಾಲೀಕರು ಬೈಯುತ್ತ ಎರಡು ಹೆಜ್ಜೆ ಮುಂದಿಟ್ಟರು. ಒಳಗಿನಿಂದ ಒಂದು ಕೆಮ್ಮು ಬಂತು, ಬೇಕೆಂದೇ ಕೆಮ್ಮಿದ ಕೆಮ್ಮು. ಅವರು ತಾವೇ ಬರೆಸಿದ ವೃತ್ತಗಳಲ್ಲಿ ಮೂರನ್ನು ದಾಟಿ ಹಿಂದಕ್ಕೆ ಹಾರಿದರು.

ಹತ್ತು ದಿನ ಅವಳು ಅಲ್ಲೇ ಇದ್ದಳು. ಬಂದ ಪ್ರತಿಯೊಂದು ಕಾರಿನವರಿಗೂ ನಾನು ನಡೆದದ್ದನ್ನೆಲ್ಲ ಹೇಳಿದೆ. ಮುಕ್ಕಾಲು ಪಾಲು ಜನ ಅಲ್ಲಿಂದಲೇ ಕಾರು ತಿರುಗಿಸಿದರು. ಮೂರನೇ ದಿನ ನನ್ನನ್ನು ಕೆಲಸದಿಂದ ತೆಗೆದರು. ನಾನು ಗೇಟಿನ ಹೊರಗೆ ಬಂದು ನಿಂತು ಹೇಳುವುದನ್ನು ಮುಂದುವರಿಸಿದೆ. ಊಟದ ಡಬ್ಬಿಯನ್ನು ತಂತಿಬೇಲಿಯ ಕೆಳಗಿನಿಂದ ನುಸುಳಿ ಹೋಗಿ ಟೆಂಟಿನ ಮುಂದೆ ಇಡುತ್ತಿದ್ದೆ. ಅವಳು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ.

ದಿನಾ ಸಂಜೆ ಅವಳ ಗಂಡ ಬರುತ್ತಿದ್ದ. ಮನೆಯಿಂದ ನಮಗೆ ಹತ್ತು ನಿಮಿಷದ ದಾರಿ, ಅವನಿಗೆ ಒಂದು ಗಂಟೆ. ಬೇಲಿಯ ಆಚೆ ಕಲ್ಲಿನ ಮೇಲೆ ಕೂತು ಮೊದಲು ಉಸಿರು ಕೂಡಿಸಿಕೊಳ್ಳುತ್ತಿದ್ದ. ಟೆಂಟಿನ ಒಳಗಿನಿಂದ ಅವಳು ಕೇಳುವಳು, "ಉಸಿರು ಹೇಗಿದೆ?"

"ಇದೆ. ನಿಂದು?"

"ಇದೆ."

ಅಷ್ಟೇ ಮಾತು. ಆಮೇಲೆ ಅವನು ಎದ್ದು ಹೋಗುತ್ತಿದ್ದ.

ಹತ್ತು ದಿನ ಕಳೆದು ಹನ್ನೊಂದನೆಯ ಬೆಳಿಗ್ಗೆ ಅವಳು ಹೊರಬಂದಳು. ಜ್ವರ ಬಂದಿರಲಿಲ್ಲ. ಅದು ಅವಳ ಅದೃಷ್ಟ, ನಮ್ಮ ಯಾರ ಪುಣ್ಯವೂ ಅಲ್ಲ. ಹೊದಿಕೆಯನ್ನು ಒಳಮುಖವಾಗಿ ಮಡಚಿ ಚೀಲಕ್ಕೆ ಹಾಕಿದಳು. ಟೆಂಟಿಗೆ ಹೊರಗಿನಿಂದ ತನ್ನ ಗಂಟು ಬಿಗಿದಳು. ಗಂಡ ಅವತ್ತು ಬೆಳಿಗ್ಗೆಯೇ ಬಂದು ಕಲ್ಲಿನ ಮೇಲೆ ಕೂತಿದ್ದ. ಅವಳು ಗೇಟು ದಾಟಿ ನೇರ ನನ್ನ ಹತ್ತಿರ ಬಂದು, ಅಧಿಕಾರಿಯ ಮುಂದೆ ನಾನು ಗಂಟು ಹಾಕಿದ್ದ ಹಗ್ಗವನ್ನು ನನ್ನ ಕೈಗೆ ಹಾಕಿದಳು. ಅದನ್ನು ಇಟ್ಟುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ಬಿಚ್ಚು," ಎಂದಳು.

ತುದಿ ಎಳೆದೆ, ಇನ್ನೂ ಬಿಗಿಯಾಯಿತು. ಉಗುರು ಹಾಕಿದೆ, ಉಗುರು ಸೀಳಿತು. ಎಳೆದಾಡಿ ಎಳೆದಾಡಿ ಸಾಕಾಗಿ, ಯೋಚಿಸದೆ ಹಗ್ಗವನ್ನು ಬಾಯಿಯ ಹತ್ತಿರಕ್ಕೆ ತಂದೆ.

"ಹೂಂ, ಹಲ್ಲು ಹಾಕು," ಎಂದಳು. "ನಾನೂ ಹಾಕಿದ್ದೆ."

ನಾನು ಕೈ ಇಳಿಸಿದೆ. ಅವಳು ಆಗಲೇ ಗಂಡನ ಕಡೆ ನಡೆದಿದ್ದಳು.