ಬಾಬಾಗಾಡಿ ಮತ್ತು ಗೇಟಿನ ಜಿರಾಫೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಜಿರಾಫೆ ಹಳದಿಯಾಗಿತ್ತು, ಅದು ಖಾತ್ರಿ. ಗೇಟಿನ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಯಾರಾದರೂ ಒತ್ತಿ ಕೇಳಿದರೆ ತಡವರಿಸುತ್ತೇನೆ. ಎಡಕ್ಕಿದ್ದರೆ ನನಗೆ ಅತ್ತೆಯ ಕೈಗಳು ಕಂಡಿರಬೇಕು. ಬಲಕ್ಕಿದ್ದರೆ ಅವರ ಬೆನ್ನು ಮಾತ್ರ. ಎರಡೂ ಚಿತ್ರಗಳು ನನ್ನ ತಲೆಯಲ್ಲಿ ಒಂದೇ ಸಮ ಸ್ಪಷ್ಟವಾಗಿವೆ. ಧಾರವಾಡದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡವರ ಮಾತನ್ನೇ ಮೊದಲು ಅನುಮಾನಿಸಬೇಕು ಎಂದು ಕಲಿತಿದ್ದೆ. ಆಗ ಅದು ಬೇರೆಯವರ ಕುರಿತಾದ ಮಾತು ಅನಿಸಿತ್ತು. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು, ಆದರೆ ಆ ದಿನದ್ದು ಬರೆದಿಲ್ಲ. ದಣಿದು ಮಲಗಿರಬೇಕು. ಅಥವಾ ಬರೆದರೆ ನಿಜವಾಗಿಬಿಡುತ್ತದೆ ಎಂದು ಹೆದರಿರಬೇಕು.

ಮಗಳಿಗೆ ಆಗ ಮೂರು ತುಂಬಿತ್ತು. ಕೂರಿಸಿದರೆ ಕೂರುತ್ತಿದ್ದಳು, ಎದ್ದು ನಿಲ್ಲುತ್ತಿರಲಿಲ್ಲ. ಹುಟ್ಟುವಾಗಲೇ ಮೆದುಳಿಗೆ ತೊಂದರೆಯಾಗಿದೆ, ಕಾಲಿನ ಸ್ನಾಯುಗಳು ಬಿಗಿಯಾಗಿವೆ, ವ್ಯಾಯಾಮ ಮಾಡಿಸುತ್ತಿರಿ, ನೋಡೋಣ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಆ 'ನೋಡೋಣ'ವನ್ನು ನನ್ನ ಗಂಡ ಭರವಸೆ ಎಂದು ತೆಗೆದುಕೊಂಡರು. ನಾನು ಹಾಗೆ ತೆಗೆದುಕೊಳ್ಳಲಿಲ್ಲ. ಅತ್ತೆ ಏನೆಂದು ತೆಗೆದುಕೊಂಡರೋ ತಿಳಿಯದು. ಅವರು ಅಲ್ಲಿಂದ ಹೊರಬಂದವರೇ ಬಸ್‌ಸ್ಟ್ಯಾಂಡಿನಲ್ಲಿ ಮೊಮ್ಮಗಳಿಗೆ ಕಬ್ಬಿನ ಹಾಲು ಕುಡಿಸಿದರು.

ಕುಲಗೋಡದ ನಮ್ಮ ಓಣಿಗೆ ಈ ವಿಷಯ ಸರಿಯಾಗಿ ಗೊತ್ತಿರಲಿಲ್ಲ. ಹೇಳಬಾರದೆಂದು ಮನೆಯಲ್ಲಿ ಯಾರೂ ತೀರ್ಮಾನ ಮಾಡಿರಲಿಲ್ಲ, ಹೇಳುವ ಪ್ರಸಂಗವೇ ಬರಲಿಲ್ಲ. ನಮ್ಮ ಕಡೆ ಮಕ್ಕಳು ಹೆಂಗಸರ ಟೊಂಕದ ಮೇಲೆಯೇ ಬೆಳೆಯುತ್ತವೆ. ನಾಲ್ಕು ವರ್ಷದ ಹುಡುಗನನ್ನೂ ಅಜ್ಜಿ ಎತ್ತಿಕೊಂಡೇ ಅಂಗಡಿಗೆ ಹೋಗುತ್ತಾಳೆ. ಟೊಂಕದ ಮೇಲಿರುವ ಮಗುವನ್ನು ನೋಡಿ ಇದು ನಡೆಯುತ್ತದೋ ಇಲ್ಲವೋ ಎಂದು ಯಾರೂ ಯೋಚಿಸುವುದಿಲ್ಲ. ಅದೇ ಮಗುವನ್ನು ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದರೆ ಎಲ್ಲರೂ ಕಾಲು ನೋಡುತ್ತಾರೆ.

ಗಾಡಿ ತಂದುಕೊಟ್ಟವನು ಗೋಕಾಕದ ನನ್ನ ಅಣ್ಣ. ನೀಲಿ ಬಟ್ಟೆಯ ಸೀಟು, ತಲೆಯ ಮೇಲೆ ಸಣ್ಣ ಕೊಡೆ, ಮುಂದೆ ಎಲ್ಲ ಕಡೆ ತಿರುಗುವ ಪುಟ್ಟ ಚಕ್ರಗಳು. ಮರಾಠಿಯವರ ರೂಢಿಯಂತೆ ನಮ್ಮಲ್ಲೂ ಅದಕ್ಕೆ ಬಾಬಾಗಾಡಿ ಎಂದೇ ಹೆಸರಾಯಿತು. ದಸರೆಯ ಖಂಡೆ ಪೂಜೆಯಂದು ಅತ್ತೆ ಅದನ್ನೂ ತೊಳೆದು, ಟ್ರ್ಯಾಕ್ಟರಿನ ಬಾಜೂಕ್ಕೆ ನಿಲ್ಲಿಸಿ, ವಿಭೂತಿ ಹಚ್ಚಿ ಚೆಂಡು ಹೂ ಮುಡಿಸಿದರು. ಟ್ರ್ಯಾಕ್ಟರಿನ ಗಾಲಿಗೆ ಇಟ್ಟಂತೆ ಇದಕ್ಕೂ ನಿಂಬೆಹಣ್ಣು ಇಟ್ಟರು. ಗಾಡಿ ಹಣ್ಣಿನ ಮೇಲೆ ಹತ್ತಲಿಲ್ಲ, ಹಣ್ಣೇ ಉರುಳಿ ಹೋಯಿತು. ಮಗಳು ನಕ್ಕಳು. ಅಷ್ಟೆಲ್ಲ ಪೂಜೆ ಮಾಡಿದವರು ಅದನ್ನು ಅಂಗಳದ ಗೇಟು ದಾಟಿಸಲು ಮಾತ್ರ ಬಿಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಹುಕ್ಕೇರಿಯ ಕಡೆ, ಕಣಗಲಾದಿಂದ ಸ್ವಲ್ಪ ದೂರ, ಹೆದ್ದಾರಿಗೆ ಹೊಂದಿಕೊಂಡು ಒಂದು ಪಾರ್ಕು ಹೊಸದಾಗಿ ತೆರೆದಿತ್ತು. ನೀರಿನ ಜಾರುಬಂಡಿಗಳು, ಅಲೆ ಬರುವ ಕೊಳ, ತಿರುಗುವ ಕುದುರೆಗಳು. ಮಮದಾಪುರಕ್ಕೆ ಕೊಟ್ಟಿದ್ದ ನನ್ನ ನಾದಿನಿ ಮಗನನ್ನು ಕರೆದುಕೊಂಡು ರಜೆಗೆ ಬಂದಿದ್ದಳು. ಅವನ ಹಟಕ್ಕೆ ಹೊರಟೆವು ಎಂದೇ ಮನೆಯಲ್ಲಿ ಎಲ್ಲರ ನೆನಪು. ನನಗೆ ನನ್ನದೇ ಒಂದು ಲೆಕ್ಕಾಚಾರವಿತ್ತು. ಇಂಥ ಮಕ್ಕಳನ್ನು ಎದೆಮಟ್ಟದ ನೀರಿನಲ್ಲಿ ಹಿಡಿದು ನಿಲ್ಲಿಸುವ ವಿಡಿಯೋಗಳನ್ನು ಫೋನಿನಲ್ಲಿ ಎಷ್ಟೋ ಸಲ ನೋಡಿದ್ದೆ. ನೀರಿನಲ್ಲಿ ಮೈ ಹಗುರವಾಗುತ್ತದೆ, ಕಾಲು ನೆಲ ಹುಡುಕುತ್ತದೆ. ಕುಲಗೋಡದಲ್ಲಿ ಇದ್ದದ್ದು ಕಾಲುವೆ, ಬಾವಿ. ಪಾರ್ಕಿನ ಕೊಳದ ತಳ ಸಪಾಟಾಗಿರುತ್ತದೆ ಅಂದುಕೊಂಡಿದ್ದೆ. ನನ್ನ ಮಗಳು ಅಲ್ಲಿ ನಿಲ್ಲಬಹುದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಯಾರಿಗೂ ಹೇಳಿರಲಿಲ್ಲ. ಬಾಬಾಗಾಡಿಯನ್ನು ಜೀಪಿನ ಮೇಲೆ ನಾನೇ ಕಟ್ಟಿಸಿದೆ. ಅತ್ತೆ ನೋಡುತ್ತ ನಿಂತಿದ್ದರು.

ಪಾರ್ಕಿಂಗ್ ಜಾಗ ಹಿಂದಿನ ವರ್ಷದವರೆಗೆ ಕಬ್ಬಿನ ಹೊಲವಾಗಿತ್ತು. ಎರೆ ಮಣ್ಣಿನ ಮೇಲೆ ದಪ್ಪ ಜಲ್ಲಿಕಲ್ಲಿನ ಖಡಿ ಸುರಿದಿದ್ದರು, ಅಷ್ಟೆ. ಖಡಿಯ ಸಂದಿಯಿಂದ ಅಲ್ಲಲ್ಲಿ ಕಬ್ಬಿನ ಕೂಳೆ ಇನ್ನೂ ಚಿಗುರುತ್ತಿತ್ತು. ಅಲ್ಲಿಂದ ಗೇಟು ಕಾಣುತ್ತಿತ್ತು, ಆದರೆ ದೂರ. ನಡುವೆ ನೆರಳಿಲ್ಲ. ಸೀಟಿ ಊದುತ್ತ ಗಾಡಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ವಯಸ್ಸಾದ ಒಬ್ಬರು ಬಾಬಾಗಾಡಿ ಇಳಿಸುವುದನ್ನು ನೋಡಿ ಹತ್ತಿರ ಬಂದು, "ಇದಕ್ಕೂ ಒಂದ್ ಪಾರ್ಕಿಂಗ್ ಚೀಟಿ ಹರೀಲೇನ್ರಿ?" ಎಂದು ನನ್ನ ಗಂಡನನ್ನು ಕೇಳಿದರು. ಗಂಡ ನಕ್ಕರು. ನಾನೂ ನಕ್ಕಿರಬೇಕು.

ಮಗಳನ್ನು ಕೂರಿಸಿ ಬೆಲ್ಟು ಬಿಗಿದು ತಳ್ಳಿದೆ. ಜೀಪಿನ ನೆರಳು ದಾಟುವ ಮೊದಲೇ ಮುಂದಿನ ಚಕ್ರಗಳು ಅಡ್ಡ ತಿರುಗಿ ಖಡಿಯಲ್ಲಿ ಹೂತವು. ಹಿಂದಕ್ಕೆಳೆದು ಮತ್ತೆ ತಳ್ಳಿದೆ. ಮತ್ತೆ ಹೂತವು. ತಿರುಗಿಸಿ ಹಿಂದಿನ ಚಕ್ರಗಳ ಮೇಲೆ ಎಳೆದುಕೊಂಡು ಹೋಗಲು ನೋಡಿದೆ. ಆಗ ಮಗಳು ಹಿಂದಕ್ಕೆ ವಾಲಿ, ಬಿಸಿಲು ನೇರ ಮುಖಕ್ಕೆ ಬಿದ್ದು ಅಳತೊಡಗಿದಳು. ಈ ಗಾಡಿಯನ್ನು ಮಾಡಿದವರು ನುಣುಪು ನೆಲವಿರುವ ಯಾವುದೋ ಊರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಗಂಡ ಒಂದು ಕಡೆ, ನಾನೊಂದು ಕಡೆ ಹಿಡಿದು ಮಗುವಿನ ಸಮೇತ ಗಾಡಿಯನ್ನೇ ಎತ್ತಿಕೊಂಡು ಹೊರಟೆವು. ನಮ್ಮಂತೆಯೇ ಗೇಟಿನ ಕಡೆ ಹೊರಟಿದ್ದ ಜನ ದಾರಿ ಬಿಟ್ಟು ನಿಂತರು. ಒಬ್ಬಾಕೆ ಹಿಂದೆ ತಿರುಗಿ ಮಗಳ ಕಾಲು ನೋಡಿದಳು.

ಅತ್ತೆ ನಮ್ಮನ್ನು ನಿಲ್ಲಿಸಿದರು. ಬೆಲ್ಟು ಬಿಚ್ಚಿ ಮಗಳನ್ನು ಎತ್ತಿ ಟೊಂಕದ ಮೇಲಿಟ್ಟುಕೊಂಡು, ಸೆರಗಿನಿಂದ ಅವಳ ತಲೆ ಮುಚ್ಚಿದರು.

"ಪಲ್ಲಕ್ಕಿ ಮಾಡಾಕತ್ತೀರಿ ಏನ? ಮಂದಿ ಕೈ ಮುಗದಾರ ಇನ್ನ," ಎಂದರು.

ಅವರು ಮುಂದೆ ಹೋದರು. ಖಾಲಿ ಗಾಡಿಯನ್ನು ತಲೆಯ ಮೇಲೆ ಹೊತ್ತುಕೊಂಡು ಗಂಡ ಹಿಂದೆ, ಚೀಲಗಳೊಂದಿಗೆ ನಾನು ಅವರ ಹಿಂದೆ. ಅತ್ತೆಯ ನಡಿಗೆಯಲ್ಲಿ ಮಗಳ ಎರಡೂ ಕಾಲುಗಳು ಒಟ್ಟಿಗೆ ತೂಗುತ್ತಿದ್ದವು. ಅದು ನೆನಪಿದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಗೇಟಿನಲ್ಲಿ ಹಲಗೆಯಲ್ಲಿ ಕತ್ತರಿಸಿದ ಆ ಜಿರಾಫೆ ಇತ್ತು. ಅದರ ಕುತ್ತಿಗೆಯುದ್ದಕ್ಕೂ ಅಳತೆಯ ಗೆರೆಗಳು. ಮಕ್ಕಳನ್ನು ಅದಕ್ಕೆ ಬೆನ್ನು ಹಚ್ಚಿ ನಿಲ್ಲಿಸಿ, ಎತ್ತರಕ್ಕೆ ತಕ್ಕ ಬಣ್ಣದ ಪಟ್ಟಿಯನ್ನು ಕೈಗೆ ಕಟ್ಟಿ ಒಳಗೆ ಬಿಡುತ್ತಿದ್ದರು, ಟಿಕೆಟ್ಟಿನ ದರವೂ ಎತ್ತರದ ಮೇಲೆಯೇ. ಪಟ್ಟಿ ಕಟ್ಟುತ್ತಿದ್ದ ಹೆಂಗಸು ನಮ್ಮ ಕಡೆಯವಳೇ. ನಾದಿನಿಯ ಮಗ ತುದಿಗಾಲಲ್ಲಿ ನಿಂತು ಅವಳಿಂದ ತಲೆಗೊಂದು ಮೊಟಕಿಸಿಕೊಂಡು, ಪಟ್ಟಿ ಕಟ್ಟಿದ ಕೂಡಲೇ ಒಳಗೆ ಓಡಿದ. ನಾದಿನಿ ಅವನ ಹಿಂದೆ ಓಡಿದಳು. ಗಂಡ ಟಿಕೆಟ್ ಕಿಟಕಿಯ ಸಾಲಿನಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದರು. ತಿರುಗುವ ಕಂಬಿಯ ಬಾಗಿಲಲ್ಲಿ ಬಾಬಾಗಾಡಿ ಹಿಡಿಸುವುದಿಲ್ಲ, ಮಡಚಿ ಪಕ್ಕದ ಕೋಣೆಯಲ್ಲಿಡಿ ಎಂದರು ಗೇಟಿನವರು. ನಾನು ಬಗ್ಗಿ ಮಡಚತೊಡಗಿದೆ.

"ನಿಲ್ಲಸ್ರಿ ಹುಡುಗೀನ್ನ," ಎಂದಳು ಆ ಹೆಂಗಸು.

ಅಳತೆ ಬೇಡ, ದೊಡ್ಡವರ ಪೂರ್ತಿ ಟಿಕೆಟ್ಟನ್ನೇ ತೆಗೆಸುತ್ತೇನೆ ಎಂದರು ಅತ್ತೆ. ಆಕೆಗೆ ಸೋಜಿಗವಾಯಿತು.

"ಎಲ್ಲಾರೂ ನಮ್ಮ ಕೂಸು ಗಿಡ್ಡ ಐತಿ ಅಂತ ಜಗಳಾ ತಗೀತಾರು. ನೀವೊಬ್ರ ನೋಡವಾ ಉದ್ದ ಮಾಡಾಕ ಬಂದವ್ರು. ಅಳತಿ ಇಲ್ಲದ ಪಟ್ಟಿ ಕಟ್ಟಾಕ ಬರಂಗಿಲ್ರಿ."

ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಲಗೂ ಮಾಡ್ರಿ ಎಂದರು. ಗಾಡಿಯ ಕೀಲು ಸಿಕ್ಕಿಕೊಂಡಿತ್ತು, ಅದರೊಳಗೆ ಖಡಿಯ ಚೂರು ಹೊಕ್ಕಿತ್ತು. ಪಾದದಿಂದ ಒತ್ತಿದೆ. ಅದು ಒಮ್ಮೆಲೇ ಮುಚ್ಚಿ ನನ್ನ ಬೆರಳು ನಡುವೆ ಸಿಕ್ಕಿತು. ನೋವಿಗೆ ಕಣ್ಣು ಮುಚ್ಚಿದೆ. ಆಗ ಅತ್ತೆಯ ದನಿ ಕೇಳಿತು.

"ನಿಂತಾಳ ನೋಡವಾ. ನೋಡಕೋ ಅಳತಿ."

ತಲೆ ಎತ್ತಿದೆ. ಇಲ್ಲಿಂದ ಮುಂದೆ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ಮಗಳು ಜಿರಾಫೆಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಅತ್ತೆಯ ಎರಡೂ ಕೈಗಳು ಗಾಳಿಯಲ್ಲಿ, ಅವಳಿಂದ ಒಂದು ಗೇಣು ಆಚೆ ಇವೆ. ಮಗಳು ನನ್ನನ್ನೇ ನೋಡುತ್ತಿದ್ದಾಳೆ. ಇನ್ನೊಂದರಲ್ಲಿ ಅತ್ತೆಯ ಅಗಲವಾದ ಬೆನ್ನು ಬಾಗಿದೆ, ಅದರ ಆಚೆ ಮಗಳ ಜುಟ್ಟು ಮಾತ್ರ ಕಾಣುತ್ತಿದೆ, ಕೈಗಳು ಫ್ರಾಕಿನ ನೆರಿಗೆಯೊಳಗೆ ಎಲ್ಲೋ ಇವೆ. ಆ ಹೆಂಗಸು ತಲೆಯ ಮೇಲಿನ ಗೆರೆಯನ್ನಷ್ಟೇ ನೋಡಿ, ಆತು ಹೋಗ್ರಿ ಎಂದು ಹಸಿರು ಪಟ್ಟಿ ಕಟ್ಟಿದಳು. ನಾನು ಎದ್ದು ಹತ್ತಿರ ಹೋಗುವಷ್ಟರಲ್ಲಿ ಮಗಳು ಮತ್ತೆ ಟೊಂಕದ ಮೇಲಿದ್ದಳು.

ಒಳಗಿನದ್ದು ಹೆಚ್ಚು ಹೇಳುವಂಥದ್ದಲ್ಲ. ಕೊಳದ ತಳ ನಾನು ಅಂದುಕೊಂಡಂತೆ ಸಪಾಟಾಗಿತ್ತು. ಕಂಕುಳಿಗೆ ಕೈ ಕೊಟ್ಟು ಮಗಳನ್ನು ನೀರಿನಲ್ಲಿ ಇಳಿಸಿದೆ. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಹೋದವು. ಬಿಡಿಸಿ ಮತ್ತೆ ಇಳಿಸಿದೆ. ಅವಳಿಗೆ ಅದೊಂದು ಆಟ ಅನಿಸಿ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ತುಟಿ ನೀಲಿಯಾಗುವವರೆಗೂ ನಾನು ಬಿಡಲಿಲ್ಲ ಎಂದು ನಾದಿನಿ ಈಗಲೂ ಹೇಳುತ್ತಾಳೆ. ದಂಡೆಯ ಮೇಲೆ ಟವೆಲ್ ಹಿಡಿದು ಕೂತಿದ್ದ ಅತ್ತೆ, ದಣಿದಾಳ ಬಿಡು, ಗೇಟಿನ್ಯಾಗ ನಿಂತಾಳಲ್ಲ, ಇವತ್ತಿಗೆ ಸಾಕು ಎಂದರು.

ಮರಳಿ ಬರುವಾಗ ಅತ್ತೆ ಗೋಕಾಕದ ಸಂತೆಬೀದಿಯಲ್ಲಿ ಜೀಪು ನಿಲ್ಲಿಸಲು ಹೇಳಿದರು. ಇಳಿದು ಹೋಗಿ ಕೊಬ್ಬರಿ, ಬೆಲ್ಲ, ಗಸಗಸೆ ತಂದರು. ಅವು ಯಾಕೆಂದು ನನಗೆ ಆಗಲೇ ತಿಳಿಯಬೇಕಿತ್ತು. ನನ್ನ ಗಂಡನ ಮನೆಯಲ್ಲಿ ಮಗು ಮೊದಲ ಸಲ ಎದ್ದು ನಿಂತರೆ ಓಣಿಗೆಲ್ಲ ಕಡುಬು ಹಂಚುವ ಪದ್ಧತಿ. ನನ್ನ ಗಂಡ ನಿಂತಾಗ ಹಂಚಿದ್ದರು, ನಾದಿನಿ ನಿಂತಾಗ ಹಂಚಿದ್ದರು. ಮರುದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಹೂರಣ ಸಿದ್ಧವಾಗಿತ್ತು. ಬೇಡ ಎನ್ನಲು ಗಂಡನಿಗೆ ಹೇಳಿದೆ. ಅವರು ಒಲೆಯ ಮುಂದಿದ್ದ ತಾಯಿಯ ಮುಖ ನೋಡಿ ಹೊಲಕ್ಕೆ ಹೋಗಿಬಿಟ್ಟರು.

ಅತ್ತೆ ತಾವೇ ಮನೆಮನೆಗೆ ಹೋಗಿ ಕಡುಬು ಕೊಟ್ಟು, ಮೊಮ್ಮಗಳು ಪಾರ್ಕಿನಲ್ಲಿ ಎದ್ದು ನಿಂತಳು ಎಂದು ಹೇಳಿ ಬಂದರು. ಮೂರು ತುಂಬಿದ ಮೇಲೆ ಬಂದ ಕಡುಬು ಅದು. ಓಣಿ ಸಹಜವಾಗಿಯೇ ಲೆಕ್ಕ ಹಾಕಿತು. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ತೊಳೆದ ತಾಟು ಮರಳಿಸುವ ನೆಪದಲ್ಲಿ ಬರತೊಡಗಿದರು. ಕೆಟ್ಟ ಮನಸ್ಸಿನಿಂದ ಬಂದರು ಎಂದು ನಾನು ಹೇಳುವುದಿಲ್ಲ. ಮಗಳನ್ನು ಪಡಸಾಲೆಯ ಕಂಬಕ್ಕೆ ಆನಿಸಿ ಕೂರಿಸಿದ್ದೆ.

"ಎಲ್ಲಿ, ನಿಂದ್ರವಾ ನಮ್ಮವ್ವಾ, ನೋಡೂಣು."

"ಬಂಗಾರ ಅಲ್ಲ ನೀ? ನಿನ್ನಿ ನಿಂತಿದ್ದೀ ಅಂತ ಹೌದಿಲ್ಲ?"

ಚಪ್ಪಾಳೆ ತಟ್ಟಿದರು, ಬಾಳೆಹಣ್ಣು ತೋರಿಸಿದರು. ಮಗಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೈ ಚಾಚಿದಳು. ಯಾರಾದರೂ ಎತ್ತಿಕೊಳ್ಳಲಿ ಎಂದು. ಕೊನೆಗೆ ಬಂದವರು ಎದುರುಮನೆಯ ಬೀಬಿ. ಅವರು ಅಲ್ಲೇ ಕೂತು, ತಾಟಿನಲ್ಲಿ ಉಳಿಸಿ ತಂದಿದ್ದ ಕಡುಬನ್ನು ಮುರಿದು ಅರ್ಧ ಮಗಳ ಬಾಯಿಗಿಟ್ಟರು, ಅರ್ಧ ತಾವು ತಿಂದರು. ಹೂರಣ ಛಲೋ ಆಗೇತಿ ಎಂದರು. ನಿಲ್ಲು ಎನ್ನಲಿಲ್ಲ. ಅವರು ಹೋದ ಮೇಲೆ ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ಓಣಿ ಕೇಳುವುದನ್ನು ಬಿಟ್ಟಿತು. ಮಗಳನ್ನು ಎತ್ತಿಕೊಂಡು ಹೊರಟರೆ ಈಗ ಎಲ್ಲರ ಕಣ್ಣೂ ಅವಳ ಕಾಲಿಗೇ ಬೀಳುತ್ತಿತ್ತು. ಬಾಬಾಗಾಡಿಯ ಕೀಲಿನಲ್ಲಿ ಹೊಕ್ಕ ಖಡಿಯ ಚೂರು ಕೊನೆಗೂ ಹೊರಬರಲಿಲ್ಲ. ಗಾಡಿಯನ್ನು ಟ್ರ್ಯಾಕ್ಟರ್ ಶೆಡ್ಡಿನ ಗೂಟಕ್ಕೆ ನೇತು ಹಾಕಿದ್ದಾರೆ. ಖಂಡೆ ಪೂಜೆಯಲ್ಲಿ ಅದಕ್ಕೆ ಈಗಲೂ ವಿಭೂತಿ ಬೀಳುತ್ತದೆ. ಕೆಳಗಿಳಿಸುವುದಿಲ್ಲ.

ಮಗಳು ಈಗ ನನ್ನ ಎದೆಯವರೆಗೆ ಬರುವಷ್ಟು ಉದ್ದ, ಅಂದರೆ ಮಲಗಿಸಿ ಅಳೆದರೆ. ಮೂಡಲಗಿಯ ಶಾಲೆಗೆ ಸೇರಿಸಿದ್ದೆವು. ಮೆಟ್ಟಿಲು ಹತ್ತಿಸುವುದು ನನ್ನಿಂದಾಗದೆ ಬಿಡಿಸಿದೆವು. ಅತ್ತೆಗೆ ಅವಳನ್ನು ಟೊಂಕದ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ. ಆದರೂ ಕೆಲವು ಸಲ ಪ್ರಯತ್ನ ಮಾಡುತ್ತಾರೆ.

ಇತ್ತೀಚೆಗೆ ಬೆಳಗಾವಿಯಲ್ಲಿ ಹೊಸ ಡಾಕ್ಟರೊಬ್ಬರು ಮೊದಲಿನಿಂದ ಎಲ್ಲವನ್ನೂ ಕೇಳಿಕೊಂಡರು. ಎಂದಾದರೂ, ಒಂದೇ ಒಂದು ಸಲವಾದರೂ, ಆಸರೆಯಿಲ್ಲದೆ ನಿಂತಿದ್ದಳೇ ಎಂದರು. ನಾನು ಅತ್ತೆಯ ಕಡೆ ನೋಡಿದೆ. ಅವರು ಮಗಳ ಬೂಟಿನ ಪಟ್ಟಿ ಬಿಚ್ಚಿ ಮತ್ತೆ ಹಾಕುತ್ತಿದ್ದರು. ನನಗೆ ಗೊತ್ತಿಲ್ಲ ಎಂದೆ. ತಾಯಿಗೆ ಗೊತ್ತಿಲ್ಲವೇ ಎನ್ನುವಂತೆ ಡಾಕ್ಟರು ನನ್ನನ್ನು ನೋಡಿ, ಹೋಗಲಿ, ಈ ವಯಸ್ಸಿಗೆ ಅದರಿಂದ ಏನೂ ಬದಲಾಗುವುದಿಲ್ಲ ಎಂದರು. ಇನ್ನು ಮುಂದೆ ಸೊಂಟದ ಕೀಲು ಜಾರದಂತೆ ನೋಡಿಕೊಂಡರೆ ಸಾಕಂತೆ. ನಡೆಯುವ ಮಾತನ್ನು ಅವರು ಎತ್ತಲಿಲ್ಲ.

ಡಾಕ್ಟರಿಗೆ ಬದಲಾಗದೆ ಇರಬಹುದು. ಅವಳು ಅಂದು ನಿಂತದ್ದು ಖರೆಯಾದರೆ, ಒಮ್ಮೆ ಬಂದದ್ದನ್ನು ನಾವು ಎಲ್ಲೋ ಕಳೆದುಕೊಂಡಿದ್ದೇವೆ. ಆ ಮಧ್ಯಾಹ್ನದ ಕೊಳದಲ್ಲಿ ನಾನೇ ಅದನ್ನು ದಣಿಸಿ ಕೊಂದೆನೋ ಏನೋ. ನಿಲ್ಲದೆ ಇದ್ದರೆ, ಕಳೆದುಕೊಳ್ಳಲು ಎಂದೂ ಏನೂ ಇರಲಿಲ್ಲ. ಇವೆರಡರಲ್ಲಿ ಯಾವುದು ಹೊರಲು ಹಗುರ ಎಂದು ನನಗೆ ತಿಳಿಯುತ್ತಿಲ್ಲ. ಯಾವುದಾದರೂ ಒಂದನ್ನು ಹೊರಬೇಕು, ಎರಡನ್ನೂ ಹೊತ್ತು ಸಾಕಾಗಿದೆ.

ಮನೆಗೆ ಬಂದ ಸಂಜೆ ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಮಗಳು ಬಾಜೂಕ್ಕೆ ಮಲಗಿ ಮೊರದಿಂದ ಸಿಡಿದ ಕಾಳುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ನಾನು ಎದುರಿಗೆ ಕೂತು ಕೇಳಿದೆ. ಅವರ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೊರ ಮತ್ತೆ ಮೊದಲಿನಂತೆ ಆಡತೊಡಗಿತು. ನಾನು ಕೇಳಿದ್ದು ಇಷ್ಟೇ:

"ಅತ್ತೀ, ಅವತ್ತ ಆ ಜಿರಾಫಿ ಮುಂದ ನೀವು ಖರೇನ ಕೈ ಬಿಟ್ಟಿದ್ರೇನ್ರಿ?"