ಬೇಲಿಯಾಚೆ ಬಿದ್ದ ಮಫ್ಲರ್

ನಮ್ಮ ಬೀದಿಯ ವೆಲ್ಡಿಂಗ್ ಅಣ್ಣ ಬೆಳಿಗ್ಗೆ ನೇರವಾಗಿ ಅಂಗಡಿಗೆ ಹೋದದ್ದನ್ನು ನಾನು ನೋಡಿಯೇ ಇಲ್ಲ. ಸುತ್ತು ಬಳಸಿ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಕಡೆ ಹೋಗಿ, ಹಿಂಬದಿಯ ಕಬ್ಬಿಣದ ಗೇಟಿನ ಚಿಲಕವನ್ನೊಮ್ಮೆ ಅಲ್ಲಾಡಿಸಿ ನೋಡುತ್ತಾರೆ. ಮಲಗುವ ಮುಂಚೆ ನಾವು ಮನೆಯ ಬಾಗಿಲು ನೋಡುತ್ತೇವಲ್ಲ, ಹಾಗೆ. ಜ್ವರವಿರಲಿ, ಮಳೆಯಿರಲಿ, ಅದು ತಪ್ಪುವುದಿಲ್ಲ.

"ಕ್ಲಬ್ಬಿನವರು ಸಂಬಳ ಕೊಡ್ತಾರಾ ಅಣ್ಣ?" ಎಂದು ಒಮ್ಮೆ ಕೇಳಿದ್ದೆ.

"ಸಂಬಳ ಕೊಟ್ಟಿದ್ರೆ ಯಾವಾಗ್ಲೋ ಕೆಲಸ ಬಿಡ್ತಿದ್ದೆ ತಂಗಿ" ಎಂದಿದ್ದರು.

ಆ ಕ್ಲಬ್ಬು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅಣ್ಣನ ವಯಸ್ಸಿನ ಅಭಿಮಾನಿಗಳು ಗೋಲಿನ ಹಿಂದಿನ ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತು ಆಟ ನೋಡುತ್ತಾರೆ. ಅವರದೊಂದು ಕಟ್ಟುಪಾಡು ಇದೆ. ಗೆದ್ದ ದಿನ ಯಾರು ಬೇಕಾದರೂ ಬೇಗ ಮನೆಗೆ ಹೋಗಬಹುದು. ಸೋತ ದಿನ ಮಾತ್ರ ಕೊನೆಯ ಆಟಗಾರ ಒಳಗೆ ಹೋಗುವ ತನಕ ನಿಂತು ಚಪ್ಪಾಳೆ ತಟ್ಟಬೇಕು. ಅಣ್ಣನ ಹೆಂಡತಿಯೂ ಪಕ್ಕದಲ್ಲೇ ನಿಂತು ತಟ್ಟುತ್ತಿದ್ದಳು. ನನ್ನ ಹತ್ತಿರ ಹೆಣಿಗೆ ಕಲಿತು ಕ್ಲಬ್ಬಿನ ಬಣ್ಣಗಳಾದ ಹಸಿರು ಬಿಳಿಯಲ್ಲಿ ಒಂದು ಮಫ್ಲರ್ ಹೆಣೆದಳು. ಹೆಣೆದದ್ದಕ್ಕಿಂತ ಬಿಚ್ಚಿದ್ದು ಜಾಸ್ತಿ. ಅವಳು ಪೂರ್ತಿ ಮಾಡಿದ ಹೆಣಿಗೆ ಅದೊಂದೇ. ಕಾಯಿಲೆಯಲ್ಲಿ ಅವಳು ತೀರಿಕೊಂಡ ಮೇಲೆ ಅಣ್ಣ ಅದನ್ನು ಮಗಳ ಕೊರಳಿಗೆ ಹಾಕಿದರು.

ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮಾತಿಗೆ ಮೊದಲೇ ಸಿಡಿಯುವುದರಿಂದ ಬೀದಿಗೆಲ್ಲ ಪಟಾಕಿ. ಅಪ್ಪನ ಹೆಗಲ ಮೇಲೆ ಕುಳಿತು ಆಟ ನೋಡುತ್ತಿದ್ದವಳು ದೊಡ್ಡವಳಾದ ಮೇಲೆ ಕೆಳಗಿಳಿದು, ಬೇಲಿಯ ಪಕ್ಕ ಡೋಲು ಬಾರಿಸುವ ತನ್ನ ವಯಸ್ಸಿನವರ ಗುಂಪು ಸೇರಿದಳು. ಅವರು ಗೆದ್ದರೆ ಕುಣಿಯುತ್ತಾರೆ, ಸೋತರೆ ಆಟಗಾರರಿಗೆ ಬೆನ್ನು ತಿರುಗಿಸುತ್ತಾರೆ. ಈ ಬಗ್ಗೆ ಅಪ್ಪ ಮಗಳ ಜಗಳ ನನ್ನ ಅಡುಗೆಮನೆಯಲ್ಲಿ ಎಷ್ಟು ಸಲ ನಡೆದಿದೆಯೋ.

"ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಮನೆ ಬಿಟ್ಟು ಹೋಗ್ತಾರೇನೇ?"

"ಉಪ್ಪು ಜಾಸ್ತಿ ಅಂತ ಬಾಯಿಬಿಟ್ಟು ಹೇಳೋದೂ ಬೇಡ್ವಾ ಅಪ್ಪ? ನೀವೆಲ್ಲ ಚಪ್ಪಾಳೆ ತಟ್ಟಿ ತಟ್ಟೀನೇ ಅವರು ಹಾಳಾಗಿದ್ದು."

"ಸೋತವನಿಗೆ ಬೆನ್ನು ತೋರ್ಸೋಕೆ ಊರೆಲ್ಲ ಇದೆ. ನಾವೂ ಬೇಕಾ?"

ನಾನು ಇಬ್ಬರಿಗೂ ಟೀ ಕೊಟ್ಟು ಸುಮ್ಮನೆ ಕೇಳುತ್ತಿದ್ದೆ. ದೇವರ ಮುಂದೆ ಒಬ್ಬರು ಕೈ ಮುಗಿಯುತ್ತಾರೆ, ಇನ್ನೊಬ್ಬರು ಜಗಳ ಆಡುತ್ತಾರೆ. ಎರಡನ್ನೂ ಅವನು ಭಕ್ತಿಯೆಂದೇ ತೆಗೆದುಕೊಳ್ಳುತ್ತಾನೆ ಎಂದು ನಂಬಿದವಳು ನಾನು.

ಹೋದ ವರ್ಷದ ಕೊನೆಯ ಆಟದಲ್ಲಿ ಕ್ಲಬ್ಬು ಸೋತು ಕೆಳಗಿನ ದರ್ಜೆಗೆ ಬಿತ್ತು. ಆಟ ಮುಗಿದದ್ದೇ ಮಗಳಿದ್ದ ಡೋಲಿನ ಗುಂಪು ತಮ್ಮ ತಮ್ಮ ಮಫ್ಲರುಗಳನ್ನು ಬಿಚ್ಚಿ ಬೇಲಿಯಾಚೆ ಆಟಗಾರರ ಕಾಲ ಬಳಿ ಎಸೆಯಿತು. ಅಂಗಡಿಯಲ್ಲಿ ಕೊಂಡ ಮಫ್ಲರುಗಳ ನಡುವೆ ಹೆಂಡತಿ ಹೆಣೆದ ಆ ಉಲ್ಲನ್ ಮಫ್ಲರ್ ಹಾರಿಹೋದದ್ದು, ಮೇಲೆ ಚಪ್ಪಾಳೆ ತಟ್ಟುತ್ತಿದ್ದ ಅಣ್ಣನ ಕಣ್ಣಿಗೆ ಬಿತ್ತು. ಅವರ ಕೈ ನಿಂತುಹೋಯಿತು. ಇಳಿಯಲು ನೋಡಿದರು. ಜನರ ನೂಕುನುಗ್ಗಲು, ನೋಯುವ ಮಂಡಿ. ಬೇಲಿಯ ಹತ್ತಿರ ತಲುಪುವಷ್ಟರಲ್ಲಿ ಗುಡಿಸುವವರು ಎಲ್ಲವನ್ನೂ ಬಾಚಿ ಲಾರಿಗೆ ತುಂಬಿ ಕಳಿಸಿಯಾಗಿತ್ತು.

ಮಾರನೆಯ ದಿನ ಮಗಳು ನನ್ನ ಬಳಿ ಬಂದು ನೆಲದ ಮೇಲೆ ಕುಳಿತಳು.

"ಅತ್ತೆ, ಬೇರೆಯವರೆಲ್ಲ ಕೊಂಡಿದ್ದನ್ನ ಎಸೆದ್ರು. ಕೊಂಡಿದ್ದು ಎಸೆದ್ರೆ ಏನು ಹೋಗುತ್ತೆ? ನನ್ನ ಹತ್ರ ಇರೋದ್ರಲ್ಲಿ ದೊಡ್ಡದು ಅಂದ್ರೆ ಅಮ್ಮಂದು. ಅದನ್ನೇ ಎಸೆದ್ರೆ ಅವರಿಗೆ ನಾಚಿಕೆ ಆಗುತ್ತೆ, ಯಾರೋ ಒಬ್ಬ ಎತ್ಕೊಂಡು ತಂದು ವಾಪಸ್ ಕೊಡ್ತಾನೆ ಅಂದ್ಕೊಂಡೆ." ಮೂಗು ಒರೆಸಿಕೊಂಡಳು. "ಒಬ್ಬನೂ ಬಗ್ಗಿ ನೋಡ್ಲಿಲ್ಲ. ತುಳ್ಕೊಂಡು ಹೋದ್ರು."

"ಅಪ್ಪನಿಗೆ ಹೇಳಿದ್ಯಾ?"

"ಏನಂತ ಹೇಳ್ಲಿ? ಬೈದಿದ್ರೆ ಹೇಳ್ತಿದ್ದೆ. ಊಟಕ್ಕೆ ತಟ್ಟೆ ಇಟ್ಟು, ಬಾ ಅಂತ ಕರೀತಾರೆ ಅಷ್ಟೇ."

ಅಣ್ಣ ನಿಜಕ್ಕೂ ಒಂದು ಮಾತೂ ಬೈಯಲಿಲ್ಲ. ಅಂಗಡಿಯಲ್ಲಿ ಕಿಟಕಿಯ ಸರಳು ಬೆಸೆಯುತ್ತಿದ್ದಾಗ ನಾನೇ ಮಾತು ತೆಗೆದೆ. ಮುಖದ ಗುರಾಣಿಯನ್ನು ಅವರು ಮೇಲೆತ್ತಲಿಲ್ಲ. ಅದರ ಹಿಂದಿನಿಂದಲೇ ಹೇಳಿದರು: "ಮಗು ಏನೂ ಕೆಟ್ಟದ್ದು ಮಾಡ್ಲಿಲ್ಲ ತಂಗಿ. ಆದ್ರೆ ಅವಳಮ್ಮ ಕೈಯಾರೆ ಮಾಡಿದ್ದು ಅಂತ ಇನ್ನೇನೂ ಮನೇಲಿ ಇಲ್ಲ."

ಹೊಸ ಸಾಲಿನ ಮೊದಲ ಆಟದ ದಿನ ಮಗಳು ಸ್ಕೂಟರ್ ತಂದು ಅಂಗಡಿಯ ಮುಂದೆ ನಿಲ್ಲಿಸಿದಳು. ನಾನು ಕತ್ತರಿಯ ಹಿಡಿಗೆ ಬೆಸುಗೆ ಹಾಕಿಸಲು ಹೋಗಿದ್ದೆ. ಅವಳ ಕೊರಳು ಬರಿದಾಗಿತ್ತು. ಅಣ್ಣನ ಮಂಡಿ ಊದಿಕೊಂಡಿತ್ತು.

"ಅಪ್ಪ, ಹತ್ಕೋ. ಕೆಳಗೆ ನಮ್ಮ ಪಕ್ಕದಲ್ಲೇ ನಿಂಗೊಂದು ಕುರ್ಚಿ ಹಾಕ್ಸಿದ್ದೀನಿ. ನಮ್ಮ ಗುಂಪಿನವರೆಲ್ಲ ಒಪ್ಪಿದ್ದಾರೆ, ಇವತ್ತು ಸೋತ್ರೂ ಬೆನ್ನು ತಿರುಗ್ಸಲ್ಲ. ಆ ಮೆಟ್ಟಿಲು ಹತ್ತೋದು ಬೇಡ."

ಅಣ್ಣ ಕೈ ಒರೆಸಿಕೊಂಡು ಅವಳ ತಲೆ ಸವರಿದರು.

"ಬೇಡ ಮಗಳೇ."

"ಇನ್ನೂ ಕೋಪಾನಾ?"

"ಕೋಪ ಎಲ್ಲಿಂದ ಬರ್ಬೇಕು. ಮೇಲೆ ನಿಂತ್ರೆ ನಿಮ್ಮಮ್ಮ ನಿಲ್ತಿದ್ದ ಜಾಗ ಪಕ್ಕದಲ್ಲಿರುತ್ತೆ. ಈಗ ನಂಗೆ ಉಳಿದಿರೋದು ಅದೊಂದೇ ಕಣೇ. ನೀನು ಹೊರಡು, ನಿನ್ನೋರು ಕಾಯ್ತಿರ್ತಾರೆ. ನಾನು ನಡ್ಕೊಂಡು ಬರ್ತೀನಿ."